ಸೋರೋದು ಹೆಂಚಲ್ಲ, ಸಂದು

ಗಿರಗಾಂವ್‌ನ ಖೋತಾಚಿವಾಡಿಯಲ್ಲಿ ಹೆಂಚಿನ ಮನೆಗಳು ಇನ್ನೂ ಇವೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಲ್ಲಿ ಶುರು ಮಾಡಿದ್ದು ಇಂಥ ಹೆಂಚನ್ನೇ. ಮಳೆಗಾಲದಲ್ಲಿ ಎಷ್ಟೋ ಸಲ ಸೋರೋದು ಹೆಂಚಲ್ಲ, ಅದು ಗೋಡೆಗೆ ಸೇರುವ ಸಂದು. ಅಲ್ಲಿ ತಗಡಿನ ಪಟ್ಟಿ, ಅಂದ್ರೆ ಫ್ಲ್ಯಾಶಿಂಗ್ ಬೇಕು. ಬರೀ ಸಿಮೆಂಟ್ ಮೆತ್ತಿದ್ರೆ ಬಿರುಕು ಬಿಡುತ್ತೆ, ಒಳಗೆ ಪಕ್ಕಾಸು ಸದ್ದಿಲ್ಲದೆ ಕೊಳೆಯುತ್ತೆ.

ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಹಾಕ್ತಾ ಹೋಗಬೇಕು. ಮೇಲಿನ ತುಂಡು ಕೆಳಗಿನದನ್ನು ಮುಚ್ಚಬೇಕು. ಮೇಲಂಚನ್ನು ಗೋಡೆ ಕೊರೆದು ಒಳಗೆ ಕೂರಿಸಬೇಕು. ಅಲ್ಯೂಮಿನಿಯಂ ಪಟ್ಟಿಗೆ ತಾಮ್ರದ ಮೊಳೆ ಬೇಡ. ಕಡಲ ಉಪ್ಪುಗಾಳಿಗೆ ಅಲ್ಯೂಮಿನಿಯಂ ಬೇಗ ತೂತಾಗುತ್ತೆ.

ಊರಿಂದ ಅಮ್ಮ ಫೋನಲ್ಲಿ, "ಬಕೆಟ್ ಇಟ್ಟಿದ್ದೀನಿ, ಏನಿಲ್ಲ ಬಿಡು" ಅಂದ್ರೆ, ನಾನು ಹೇಳೋದಿಷ್ಟೇ: ಹೆಂಚಿಗೆ ದುಡ್ಡು ಕಳಿಸೋ ಮೊದಲು ಸಂದು ನೋಡಿಸಿ.