ಎಣಿಕೆಯೂ ಎಲ್ಲೆಯೂ

ಜನಗಣತಿಯ ಪುಸ್ತಕವನ್ನು ನೀರಸವೆಂದು ನಾವು ಬದಿಗಿಡುವುದುಂಟು. ಆದರೆ ಹೊಸಪೇಟೆ, ಹಂಪೆ, ಕಂಪ್ಲಿ, ಸಂಡೂರುಗಳ ಅಂಕಿಗಳಲ್ಲಿ ಆ ಸೀಮೆಯ ಚರಿತ್ರೆಯೇ ಅಡಗಿರುವುದು.

1871ರಿಂದ 1881ಕ್ಕೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಇಳಿಯಿತು. ನಡುವೆ ಬಂದುದು 1876–78ರ ಮಹಾಕ್ಷಾಮ. ಆ ಇಳಿತವು ಬರಿದಾದ ಮನೆಗಳ ಲೆಕ್ಕ. ಸಂಡೂರನ್ನು ಮಾತ್ರ ಆ ಜಿಲ್ಲೆಯ ಮೊತ್ತದಲ್ಲಿ ಅರಸಲಾಗದು. ಘೋರ್ಪಡೆ ಮನೆತನದ ಆ ಸಂಸ್ಥಾನದ ಎಣಿಕೆಯೇ ಬೇರೆ. 1949ರಲ್ಲಿ ಅದು ಮದರಾಸಿನಲ್ಲಿ ವಿಲೀನವಾಯಿತು. 1953ರಲ್ಲಿ ಈ ನಾಲ್ಕು ಊರುಗಳೂ ಮೈಸೂರಿಗೆ ಸೇರಿದುವು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ, ಹಂಪೆಗಳು ಅದಕ್ಕೆ ಸಂದುವು. ಕಂಪ್ಲಿ, ಸಂಡೂರುಗಳು ಬಳ್ಳಾರಿಯಲ್ಲಿಯೇ ಉಳಿದುವು.

2011ರಲ್ಲಿ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 24,52,595. ಮುಂದಿನ ಗಣತಿಯಲ್ಲಿ ಅದು ಕುಗ್ಗಿ ಕಂಡರೆ, ಅದು ಕ್ಷಾಮದ ಕುಗ್ಗಲ್ಲ, ಗಡಿಗೆರೆಯ ಕುಗ್ಗು. ಕಾಗದದ ಮೇಲೆ ಎರಡು ಇಳಿತಗಳೂ ಒಂದೇ ಬಗೆಯವು. ಭೇದವನ್ನರಿಯದವನು ಅನ್ನ ಬೇಕಾದಲ್ಲಿ ನಕ್ಷೆಯನ್ನು ತಿದ್ದಿಯಾನು.

ಈ ಭೇದವನ್ನು ತಿಳಿಸತಕ್ಕುದು ಗ್ರಾಮವಾರು ಪಟ್ಟಿ. ತಾಲ್ಲೂಕು ಒಡೆದರೂ ಹಳ್ಳಿಗಳ ಅಂಕಿಗಳನ್ನು ಕೂಡಿಸಿ ಹಳೆಯ ಎಲ್ಲೆಯನ್ನು ಮತ್ತೆ ಕಟ್ಟಬಹುದು. 1951ರಲ್ಲಿ ಸ್ಥಾಪಿತವಾದ ಕೇಂದ್ರ ಸಾಂಖ್ಯಿಕ ಸಂಸ್ಥೆಯೂ 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿಯೊಳಗೆ ಸೇರಿಹೋಯಿತು. ಕಚೇರಿಗಳ ಹೆಸರು ಬದಲಾಗಲಿ, ಕಟ್ಟಡ ಬದಲಾಗಲಿ. ಹಳೆಯ ಪಟ್ಟಿಗಳು ಗೆದ್ದಲಿನ ಪಾಲಾಗದಿರಲಿ. ಎಣಿಸಲ್ಪಟ್ಟವರಿಗೆ ನಾವು ಸಲ್ಲಿಸಬೇಕಾದ ಋಣವದು.