ಹಳದಿ ಬೋರ್ಡಿನ ವಿಮೆ

(ಕಮಲಾಪುರದಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತಿನ ಬರಹ)



ಹಂಪಿ ನೋಡಾಕ ಬಂದವರನ್ನು ಹೊತ್ತು ತಿರುಗುವ ಆಟೋ, ಟ್ಯಾಕ್ಸಿ. ಕಂಪ್ಲಿ ಕಡೆ ಗದ್ದೆಗೆ ಆಳು ಒಯ್ಯುವ ಗೂಡ್ಸ್ ಗಾಡಿ. ಸಂಡೂರಿನ ಅದಿರು ಲಾರಿ. ಇವುಗಳ ಸ್ಟೀರಿಂಗ್ ಹಿಡಿದವರಲ್ಲಿ ನಮ್ಮ ಕೇರಿಯ ಅಣ್ಣಂದಿರಿದ್ದಾರೆ. ನಿಮ್ಮಲ್ಲಿ ಕೆಲವರ ಅಪ್ಪನೂ ಅದೇ ಸೀಟಿನಲ್ಲಿ ಕೂತು ನಿಮ್ಮನ್ನು ಓದಿಸುತ್ತಿರಬಹುದು. ಇವತ್ತು ನಾವು ಮಾತಾಡಬೇಕೆಂದಿರುವುದು ಅವರು ಕಟ್ಟುವ ಇನ್ಶೂರೆನ್ಸಿನ ಬಗ್ಗೆ. ಇದೂ ಒಂದು ಸಭೆಯಲ್ಲಿ ಆಡೋ ಮಾತೇ ಅಂತ ನಗಬೇಡಿ.

ವಿಮೆ ಇಲ್ಲದೆ ಗಾಡಿ ರಸ್ತೆಗೆ ಇಳಿಸಬಾರದು. 1939ರ ಮೋಟಾರು ಕಾಯಿದೆಯಲ್ಲೂ ಹೀಗೇ ಇತ್ತು, ಈಗಿನ 1988ರ ಕಾಯಿದೆಯ 146ನೇ ಕಲಮಿನಲ್ಲೂ ಇದೆ. ತಪ್ಪಿದರೆ ಮೊದಲ ಸಲ 2,000 ರೂಪಾಯಿ ದಂಡ, ಮತ್ತೆ ಸಿಕ್ಕಿಬಿದ್ದರೆ 4,000, ಜೈಲೂ ಉಂಟು. ಈ ಕಡ್ಡಾಯದ ಮೇಲೆ ನಮ್ಮ ತಕರಾರಿಲ್ಲ. ಗಾಡಿ ಬಡಿದು ಸಾಯುವವರಲ್ಲಿ ರಸ್ತೆ ಬದಿ ನಡೆದು ಹೋಗುವ ನಮ್ಮವರೂ ಇದ್ದಾರೆ. ಬಡಿದವನ ಕೈಯಲ್ಲಿ ಕಾಸಿಲ್ಲದಿದ್ದರೂ ಸತ್ತವನ ಹೆಂಡತಿ ಮಕ್ಕಳಿಗೆ ಪರಿಹಾರ ಸಿಗಲಿ ಅಂತಲೇ ಈ ಥರ್ಡ್ ಪಾರ್ಟಿ ವಿಮೆ ಇರೋದು. ನಮ್ಮ ತಕರಾರು, ಅದರ ಭಾರವನ್ನು ಯಾರ ಹೆಗಲಿಗೆ ಹೊರಿಸಿದ್ದಾರೆ ಅನ್ನುವುದರ ಮೇಲೆ.

ಲೆಕ್ಕ ನೋಡಿ. ಥರ್ಡ್ ಪಾರ್ಟಿ ದರವನ್ನು ಕಂಪನಿ ಮನಸ್ಸಿಗೆ ಬಂದಂತೆ ಹಾಕುವಂತಿಲ್ಲ. ಸರ್ಕಾರವೇ ಗೊತ್ತು ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ, 1000 ಸಿ.ಸಿ. ಮೀರದ ಸ್ವಂತ ಕಾರಿಗೆ ವರ್ಷಕ್ಕೆ 2,094 ರೂಪಾಯಿ. ಅದೇ ಕಾರು, ಅದೇ ಎಂಜಿನ್ನು, ಹಳದಿ ಬೋರ್ಡು ಹಾಕಿ ಬಾಡಿಗೆಗೆ ಬಿಟ್ಟರೆ 6,040. ಅದರ ಮೇಲೆ ತಲೆಗೊಂದರಂತೆ 1,162. ನಾಲ್ಕು ಪ್ರಯಾಣಿಕರ ಗಾಡಿಗೆ ಒಟ್ಟು 10,688 ಆಯಿತು. ಬಿಳಿ ಬೋರ್ಡಿನವನು ಕಟ್ಟುವುದರ ಐದು ಪಟ್ಟು! ಜಿ.ಎಸ್.ಟಿ. ಬೇರೆ.

ಬಾಡಿಗೆ ಗಾಡಿ ಹಗಲೂ ರಾತ್ರಿ ಓಡ್ತದೆ, ಜನ ತುಂಬ್ಕೊಂಡು ಓಡ್ತದೆ, ಅಪಾಯ ಹೆಚ್ಚು ಅಂತಾರೆ. ಸುಳ್ಳಲ್ಲ. ಆದರೆ ಅವನು ಯಾಕೆ ಹಗಲೂ ರಾತ್ರಿ ಓಡಿಸ್ತಾನೆ? ಬ್ಯಾಂಕಿನ ಕಂತು ಕಟ್ಟಬೇಕು. ಬೇಸಿಗೆಯಲ್ಲಿ ಹಂಪಿಯ ಬಂಡೆ ಕಾದರೆ ಬರೋ ಜನ ಕಡಿಮೆ, ಬಾಡಿಗೆ ಇಳೀತದೆ; ಕಂತೂ ಇಳಿಯೋದಿಲ್ಲ, ವಿಮೆಯೂ ಇಳಿಯೋದಿಲ್ಲ. ಇಷ್ಟು ಕಟ್ಟಿಯೂ ಆ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಅವನ ಸ್ವಂತ ಗಾಡಿ ಜಖಂ ಆದರೆ ಒಂದು ಪೈಸೆ ಬರುವುದಿಲ್ಲ.

ಇನ್ನೊಂದು ಮಾತು, ಇದು ಹೆಚ್ಚು ಸಂಕಟದ್ದು. ನಾಟಿ, ಕಳೆ, ಕೊಯ್ಲು ಬಂತೆಂದರೆ ನಮ್ಮ ಅವ್ವಂದಿರು, ಅಕ್ಕಂದಿರು ಗೂಡ್ಸ್ ಗಾಡಿಯಲ್ಲಿ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಒತ್ತಿಕೊಂಡು ನಿಂತು ಹೋಗ್ತಾರೆ. ಆ ಹೊತ್ತಿಗೆ ಆ ಗದ್ದೆಗೆ ಯಾವ ಬಸ್ಸು ಹೋಗ್ತದೆ? ಗಾಡಿ ಪಲ್ಟಿ ಹೊಡೆದರೆ ಏನು ಗತಿ? ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲೇ ಆಶಾ ರಾಣಿ ಕೇಸಿನಲ್ಲಿ ಹೇಳಿಬಿಟ್ಟಿದೆ. 1994ರ ತಿದ್ದುಪಡಿಯಂತೆ ಸರಕಿನ ಒಡೆಯನೋ ಅವನ ಪ್ರತಿನಿಧಿಯೋ ಗಾಡಿಯಲ್ಲಿದ್ದರೆ ಅವರಿಗೆ ವಿಮೆ ಉಂಟು. ಅಂದರೆ ಭತ್ತದ ಧಣಿಗೆ ಉಂಟು, ಭತ್ತ ನೆಟ್ಟ ಹೆಣ್ಣಾಳಿಗೆ ಇಲ್ಲ. ಆಗ ಪರಿಹಾರದ ಹೊರೆ ಗಾಡಿ ಮಾಲೀಕನ ಮೇಲೆ ಬೀಳುತ್ತದೆ. ಆ ಒಂದು ಗಾಡಿಯ ಮಾಲೀಕ ಯಾರು? ಸಾಲ ಮಾಡಿ ಗಾಡಿ ತಂದ ನಮ್ಮ ಕೇರಿಯವನೇ. ಕೈಕಾಲು ಮುರಿದವಳೂ ನಮ್ಮವಳು, ಜಪ್ತಿಗೆ ಬರುವ ಮನೆಯೂ ನಮ್ಮದೇ.

ಸರ್ಕಾರ ಏನೂ ಕೊಟ್ಟಿಲ್ಲ ಅನ್ನೋದಿಲ್ಲ. ಪ್ರವಾಸೋದ್ಯಮ ಇಲಾಖೆ ನಮ್ಮ ಹುಡುಗರಿಗೆ ಟ್ಯಾಕ್ಸಿಗೆ ಸಹಾಯಧನ ಕೊಟ್ಟಿತು; ಡಾ. ಅಂಬೇಡ್ಕರ್ ಅಭಿವೃದ್ಧಿ ನಿಗಮ ಐರಾವತ ಯೋಜನೆಯಲ್ಲಿ 5 ಲಕ್ಷದವರೆಗೂ ಕೊಟ್ಟಿತು. ಆದರೆ ಆ ದುಡ್ಡು ಗಾಡಿ ಕೊಳ್ಳೋದಕ್ಕೆ. ಗಾಡಿ ಓಡುವಷ್ಟು ಕಾಲ ವರ್ಷ ವರ್ಷ ಬರುವ ವಿಮೆಗೆ ಯಾರು? ಇಲ್ಲಿಂದ ಬಳ್ಳಾರಿ ದಾಟಿದರೆ ಆಂಧ್ರ. ಅಲ್ಲಿ 2019ರಲ್ಲಿ ವಾಹನ ಮಿತ್ರ ಅಂತ ಮಾಡಿ, ಸ್ವಂತ ಆಟೋ, ಟ್ಯಾಕ್ಸಿ ಓಡಿಸುವವರಿಗೆ ವಿಮೆ, ಎಫ್.ಸಿ., ರಿಪೇರಿ ಖರ್ಚಿಗೆಂದು ವರ್ಷಕ್ಕೆ 10,000 ರೂಪಾಯಿ ಕೊಟ್ಟರು. ಸರ್ಕಾರ ಬದಲಾದ ಮೇಲೆ 2025ರ ಅಕ್ಟೋಬರಿನಲ್ಲಿ ಹೊಸ ಹೆಸರಿನಲ್ಲಿ 15,000 ಕೊಟ್ಟರು. ಓಟಿನ ಲೆಕ್ಕವೂ ಅದರಲ್ಲಿ ಇದ್ದೀತು, ಇರಲಿ. ಬಂಡವಾಳಶಾಹಿಗಳ ಅಮೆರಿಕೆಯಲ್ಲೇ ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲಿ ಕಾಯಿದೆ ಮಾಡಿ, ಕಡಿಮೆ ವರಮಾನದ ಚಾಲಕರಿಗೆ ಅಗ್ಗದ ವಿಮೆ ಕೊಡಿಸಿತು; 2007ರ ಹೊತ್ತಿಗೆ ಅದು ಇಡೀ ರಾಜ್ಯಕ್ಕೆ ಹಬ್ಬಿತು.

ಬಾಬಾಸಾಹೇಬರು 1947ರಲ್ಲಿ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಬರೆದಾಗ ವಿಮೆ ಪೂರ್ತಿ ಸರ್ಕಾರದ ಕೈಯಲ್ಲೇ ಇರಬೇಕು ಅಂದಿದ್ದರು. ಅವರು ಜೀವವಿಮೆಯನ್ನು ಕಡ್ಡಾಯ ಮಾಡಬೇಕೆಂದದ್ದು ಕೂಡ ದುಡಿಯುವವನ ಸಂಬಳಕ್ಕೆ ತಕ್ಕಂತೆ. ಇಲ್ಲಿ ಕಡ್ಡಾಯ ಮಾತ್ರ ಉಳಿದಿದೆ, ತಕ್ಕಂತೆ ಅನ್ನೋದು ಎಲ್ಲಿದೆ? 1973ರ ಜನವರಿ 1ರಂದು ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ ನಾಲ್ಕು ಸರ್ಕಾರಿ ಕಂಪನಿಗಳಾದವು. ಆ ನಾಲ್ಕೂ ಇವತ್ತಿಗೂ ಇವೆ. ಆದ್ದರಿಂದ ನಾವು ಕೇಳುವುದು ಆಗದ ಮಾತೇನಲ್ಲ. ನಿಗಮದ ನೆರವಿನಲ್ಲಿ ಕೊಂಡ ಗಾಡಿಯ ಸಾಲ ತೀರುವ ತನಕ ಥರ್ಡ್ ಪಾರ್ಟಿ ಕಂತನ್ನು ನಿಗಮವೇ ಕಟ್ಟಲಿ. ಕೂಲಿಗೆ ಹೋಗುವ ಹೆಂಗಸರಿಗೆ ಬೆಳಗ್ಗೆ ಸಂಜೆ ಬಸ್ಸು ಬಿಡಲಿ. ಅದಾಗದಿದ್ದರೆ ಅವರನ್ನು ಒಯ್ಯುವ ಗಾಡಿಗೆ ಕಾಯಿದೆಯಲ್ಲಿ ಬೇರೆ ವಿಮೆ ತರಲಿ.

ಅಲ್ಲಿಯ ತನಕ ನಿಮ್ಮಿಂದ ಆಗುವ ಕೆಲಸವೊಂದಿದೆ. ಪಾಲಿಸಿ ಬರುವುದು ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅಪ್ಪ ಅದನ್ನು ಮಡಿಚಿ ಗಾಡಿಯಲ್ಲಿಟ್ಟಿರುತ್ತಾರೆ. ರಜೆಗೆ ಊರಿಗೆ ಹೋದಾಗ ಅದನ್ನು ಓದಿ ಹೇಳಿ. ಗಾಡಿ ಮಾಲೀಕನೇ ಚಾಲಕನಾಗಿದ್ದರೆ 15 ಲಕ್ಷದ ಸ್ವಂತ ಅಪಘಾತ ವಿಮೆ ಸೇರಿದೆಯೇ ನೋಡಿ. ಸಂಬಳದ ಚಾಲಕನಾದರೆ ಕಾರ್ಮಿಕ ಪರಿಹಾರದ ಹೊಣೆ ಆ ಪಾಲಿಸಿಯಲ್ಲೇ ಇರುತ್ತದೆ, ಧಣಿ ಇಲ್ಲ ಅಂದರೆ ನಂಬಬೇಡಿ. ಕಾರಿನ ಲೈಸೆನ್ಸಿನಲ್ಲಿ ಟ್ಯಾಕ್ಸಿ ಓಡಿಸಿದ ಅಂತ ಕಂಪನಿ ಜಾರಿಕೊಂಡರೆ, 7,500 ಕಿಲೋ ಒಳಗಿನ ಗಾಡಿಗೆ ಆ ಲೈಸೆನ್ಸು ಸಾಕು ಅಂತ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ಜಡ್ಜರು ಹೇಳಿದ್ದನ್ನು ತೋರಿಸಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಹಿಡಿದು 2 ಲಕ್ಷದ ಅಪಘಾತ ವಿಮೆ ಕೊಡುವ ಸುರಕ್ಷಾ ಬಿಮಾ ಇದೆ. ಗದ್ದೆಗೆ ಹೋಗುವ ಅವ್ವನ ಹೆಸರಿಗೂ ಅದನ್ನು ಬರೆಸಿ. ಪಾಲಿಸಿ ಮುಗಿಯುವ ತಾರೀಖನ್ನು ಗೋಡೆ ಕ್ಯಾಲೆಂಡರಿನಲ್ಲಿ ದಪ್ಪಗೆ ಗುರುತು ಹಾಕಿ ಬನ್ನಿ. ಅದು ಒಂದು ದಿನ ದಾಟಿದ ಮೇಲೆ ಅಪಘಾತ ಆದರೆ, ಅಷ್ಟು ವರ್ಷ ಕಟ್ಟಿದ್ದು ಯಾವ ಕೋರ್ಟಿನಲ್ಲೂ ಲೆಕ್ಕಕ್ಕೆ ಬರೋದಿಲ್ಲ.