ವಿಪತ್ತಿನ ವೇಳೆಯಲ್ಲಿ ಹೊಣೆ ಯಾರದು?

(ಚಚಡಿ ಗ್ರಾಮದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣದ ಸಭೆ ಎಂದೊಡನೆ ಹೆರಿಗೆಗಳ ನಡುವಣ ಅಂತರ, ಮಕ್ಕಳ ಲಸಿಕೆ, ತಾಯಿಯ ಪೌಷ್ಟಿಕ ಆಹಾರ ಇವುಗಳನ್ನು ಕೇಳಲು ನೀವು ಸಿದ್ಧರಾಗಿ ಬಂದಿರುತ್ತೀರಿ. ಇಂದು ನಾನು ಆರಿಸಿಕೊಂಡ ವಿಷಯ ತುಸು ಬೇರೆ. ಪ್ರವಾಹದಂಥ ವಿಪತ್ತು ಒದಗಿದಾಗ ಅಪ್ಪಣೆ ಕೊಡುವವರು ಯಾರು, ಅದನ್ನು ನಡೆಸುವವರು ಯಾರು, ಒಬ್ಬರು ಮಾಡಿದ ಕೆಲಸ ಮತ್ತೊಬ್ಬರಿಗೆ ತಿಳಿಯುವುದು ಹೇಗೆ ಎಂಬುದೇ ಆ ವಿಷಯ. ಇದು ಕಚೇರಿಯವರಿಗೆ ಸೇರಿದ್ದು, ನಮಗೇಕೆ ಎಂದು ಭಾವಿಸಬೇಡಿ. ದಿನ ತುಂಬಿದ ಗರ್ಭಿಣಿ ಮನೆಯಲ್ಲಿರುವಾಗ ಹಳ್ಳ ತುಂಬಿ ದಾರಿ ಕಟ್ಟಿದರೆ, ಇಂಥ ವ್ಯವಸ್ಥೆಯ ಕೊರತೆ ಮೊಟ್ಟಮೊದಲು ತಟ್ಟುವುದು ಆಕೆಗೇ.

ಮಲಪ್ರಭೆ ನಮಗೆ ಅನ್ನ ಕೊಡುವ ಹೊಳೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನಮ್ಮ ಸವದತ್ತಿ ಸೀಮೆಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ಸಿಕ್ಕಿ, ರಾಮದುರ್ಗವನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಘಟ್ಟದಲ್ಲಿ ಎಡೆಬಿಡದೆ ಸುರಿದ ಮಳೆಗೆ ಇದೇ ಹೊಳೆ ದಂಡೆ ಮೀರಿತು. ರಾಮದುರ್ಗ ಪಟ್ಟಣಕ್ಕೂ ಆ ತಾಲೂಕಿನ ದಂಡೆಯ ಹಳ್ಳಿಗಳಿಗೂ ನೀರು ನುಗ್ಗಿ, ಜನರು ಮನೆಮಠ ಬಿಟ್ಟು ಶಾಲೆ, ಗುಡಿ, ಸಮುದಾಯ ಭವನಗಳಲ್ಲಿ ಆಸರೆ ಪಡೆದರು. ಆ ವರ್ಷ ರಾಜ್ಯದ 22 ಜಿಲ್ಲೆಗಳ 103 ತಾಲೂಕುಗಳನ್ನು ನೆರೆಪೀಡಿತ ಎಂದು ಘೋಷಿಸಲಾಯಿತು.

ಆಗ ನೆರವಿಗೆ ಕೊರತೆಯಾಗಲಿಲ್ಲ. ಉತ್ತರ ಕರ್ನಾಟಕದ ಊರೂರಿನಿಂದ ರೊಟ್ಟಿಯ ಗಂಟುಗಳು, ಸೀರೆ, ಹೊದಿಕೆಗಳು ಲಾರಿಗಳಲ್ಲಿ ಬಂದವು. ನಮ್ಮ ಜನರ ದಾನಬುದ್ಧಿಯನ್ನು ಕುರಿತು ಎರಡು ಮಾತಿಲ್ಲ. ಆದರೆ ಇಂಥ ಸಮಯದಲ್ಲಿ ಲಾರಿಗಳು ಡಾಂಬರು ರಸ್ತೆಯ ಪಕ್ಕದ ಶಿಬಿರದ ಮುಂದೆಯೇ ನಿಲ್ಲುತ್ತವೆ. ಒಳಗಿನ ಹಳ್ಳಿಗೆ ಹೋಗುವುದಿಲ್ಲ. ಒಂದೆಡೆ ರೊಟ್ಟಿ ಬೂಷ್ಟು ಹಿಡಿಯುತ್ತದೆ, ಇನ್ನೊಂದೆಡೆ ಮಕ್ಕಳು ಹಸಿದು ಮಲಗುತ್ತಾರೆ. ಇದಕ್ಕೆ ಬೇಕಾದ ಔಷಧಿ ಇನ್ನಷ್ಟು ರೊಟ್ಟಿಯಲ್ಲ, ಒಂದು ದಾಖಲೆ ಪುಸ್ತಕ ಮತ್ತು ಅದನ್ನು ಹಿಡಿದು ಕೂತ ಒಬ್ಬ ಮನುಷ್ಯ.

ತೇರು ಎಳೆಯುವುದನ್ನು ನೀವೆಲ್ಲ ಕಂಡಿದ್ದೀರಿ. ಹಗ್ಗಕ್ಕೆ ನೂರಾರು ಕೈ. ಆದರೆ ಗಾಲಿಗೆ ಮರದ ದಿಮ್ಮಿ ಕೊಟ್ಟು ತೇರನ್ನು ತಿರುಗಿಸುವವನ ಕೂಗಿಗೇ ಎಲ್ಲರೂ ಕಿವಿಗೊಡಬೇಕು. ಅವನು ಊರಿನಲ್ಲಿ ದೊಡ್ಡ ಮನುಷ್ಯನಾಗಿರಬೇಕೆಂದಿಲ್ಲ. ಆ ಗಳಿಗೆಯಲ್ಲಿ ದೊಡ್ಡವರೂ ಅವನ ಮಾತು ಮೀರುವುದಿಲ್ಲ, ಮೀರಿದರೆ ಗಾಲಿಯ ಕೆಳಗೆ ಕಾಲು ಸಿಕ್ಕೀತು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಕಾಡುಗಿಚ್ಚು ಹಬ್ಬಿ 13 ದಿನಗಳಲ್ಲಿ 16 ಜನರು ಪ್ರಾಣ ತೆತ್ತರು. ಹಣವಂತ ದೇಶ, ಯಂತ್ರಗಳು ಹೇರಳ. ಆದರೆ ಹಲವು ಇಲಾಖೆಗಳ ದಳಗಳು ಒಂದೇ ಬೆಂಕಿಯ ಮುಂದೆ ನಿಂತು, ಒಬ್ಬರ ಸಂಕೇತ ಇನ್ನೊಬ್ಬರಿಗೆ ತಿಳಿಯದೆ, ಯಾರ ಆಜ್ಞೆ ನಡೆಯಬೇಕೆಂಬುದು ನಿಶ್ಚಯವಾಗದೆ ತೊಳಲಿದವು. ಆ ಅನುಭವದಿಂದ ರೂಪುಗೊಂಡ ಪದ್ಧತಿಯನ್ನು ನಮ್ಮ ದೇಶಕ್ಕೆ ಹೊಂದಿಸಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರ ತಿರುಳು ಸರಳ. ಪ್ರತಿಯೊಬ್ಬನಿಗೂ ಒಬ್ಬನೇ ಮೇಲಿನವನು. ಒಬ್ಬನ ಕೈಕೆಳಗೆ ಐದು ಮಂದಿ ಇದ್ದರೆ ಚೆನ್ನ. ಏಳು ಮೀರಿದರೆ ಅವನ ಲಕ್ಷ್ಯ ಚದುರುತ್ತದೆ.

2005ರ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ಪೊಲೀಸ್ ವರಿಷ್ಠಾಧಿಕಾರಿಗಳೂ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿಗಳೂ ಅದರ ಸದಸ್ಯರು. ತಾಲೂಕಿನಲ್ಲಿ ತಹಶೀಲ್ದಾರರು ಮುಂದಾಳು. ಇಷ್ಟರ ಮಟ್ಟಿಗೆ ಕಾಗದ ಸ್ಪಷ್ಟವಾಗಿದೆ. ತೊಡಕು ಕಾಣುವುದು ಹಳ್ಳಿಯಲ್ಲಿ. ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಗ್ರಾಮ ಆಡಳಿತಾಧಿಕಾರಿ, ಶಾಲೆಯ ಮುಖ್ಯೋಪಾಧ್ಯಾಯರು, ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಇವರೆಲ್ಲರಿಗೂ ಬೇರೆ ಬೇರೆ ಇಲಾಖೆ, ಬೇರೆ ಬೇರೆ ಮೇಲಧಿಕಾರಿ. ಮಳೆಗಾಲಕ್ಕೆ ಮುನ್ನವೇ ಇವರೆಲ್ಲ ಒಂದೆಡೆ ಕೂತು ಯಾರ ಪಾಲಿಗೆ ಯಾವ ಕೆಲಸ ಎಂದು ಬರೆದು, ಆ ಹಾಳೆಯನ್ನು ಪಂಚಾಯತಿಯ ಗೋಡೆಗೆ ಅಂಟಿಸದಿದ್ದರೆ, ನೀರು ಬಂದ ರಾತ್ರಿ ಅದನ್ನು ಬರೆಯಲು ಯಾರಿಗೂ ಬಿಡುವಿರುವುದಿಲ್ಲ.

ಕುಡಿಯುವ ನೀರನ್ನೇ ನೋಡಿ. 1000 ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ ಸುಮಾರು ಎರಡೂವರೆ ಗ್ರಾಂ ಸಾಕು. ನೀರು ಬಹಳ ಕದಡಿದ್ದರೆ ಹೆಚ್ಚು ಬೇಕಾದೀತು. ಬೆರೆಸಿದ ಮೇಲೆ ಒಂದು ಗಂಟೆ ಬಿಟ್ಟು ಕುಡಿಯಬೇಕು. ಆದರೆ ತೊಟ್ಟಿಗೆ ಪುಡಿ ಹಾಕುವವರು ಇಂಥವರೇ ಎಂದು ಗೊತ್ತುಮಾಡದಿದ್ದಲ್ಲಿ, ನೀರಗಂಟಿ ಹಾಕಿರಬಹುದೆಂದು ಆರೋಗ್ಯ ಕಾರ್ಯಕರ್ತೆಯೂ, ಆಕೆ ಹಾಕಿರಬಹುದೆಂದು ನೀರಗಂಟಿಯೂ ಸುಮ್ಮನಿರುತ್ತಾರೆ. ಮೂರನೆಯ ದಿನ ಶಿಬಿರದಲ್ಲಿ ವಾಂತಿಭೇದಿ. ಅಥವಾ ಇಬ್ಬರೂ ಹಾಕಿ, ವಾಸನೆ ತಾಳದೆ ಜನರು ಹೊಳೆಯ ನೀರನ್ನೇ ಕುಡಿಯುತ್ತಾರೆ. ಆದುದರಿಂದ ಪುಡಿ ಹಾಕುವವನು ಒಬ್ಬ, ಪರೀಕ್ಷಿಸುವವಳು ಇನ್ನೊಬ್ಬಳು, ಇಬ್ಬರ ಸಹಿಯೂ ಒಂದೇ ಪುಸ್ತಕದಲ್ಲಿ.

ಇನ್ನು ನಮ್ಮ ಮುಖ್ಯ ವಿಷಯ. ಪ್ರತಿಯೊಬ್ಬ ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ಹೆರಿಗೆಯ ನಿರೀಕ್ಷಿತ ದಿನಾಂಕ ಇರುತ್ತದೆ. ಮಳೆಗಾಲದುದ್ದಕ್ಕೂ ಪ್ರತಿ ವಾರ, ಮುಂದಿನ ಎರಡು ಮೂರು ವಾರಗಳಲ್ಲಿ ಹೆರಿಗೆಯಾಗುವವರ ಹೆಸರನ್ನು ಆಶಾ ಕಾರ್ಯಕರ್ತೆ ಬೇರೆ ಪಟ್ಟಿ ಮಾಡಿ, ಒಂದು ಪ್ರತಿಯನ್ನು ವೈದ್ಯಾಧಿಕಾರಿಗೂ ಒಂದನ್ನು ಪಂಚಾಯತಿಗೂ ಕೊಡಲಿ. ಎಚ್ಚರಿಕೆ ಬಂದಾಗ ಈ ಪಟ್ಟಿಯವರನ್ನು ಮೊದಲ ವಾಹನದಲ್ಲಿ, ದಾರಿ ಇನ್ನೂ ತೆರೆದಿರುವಾಗಲೇ, ತಾಲೂಕು ಆಸ್ಪತ್ರೆಯ ಸಮೀಪಕ್ಕೆ ಸಾಗಿಸಬೇಕು. ಅತ್ತೆಯಂದಿರಲ್ಲಿ ನನ್ನ ವಿನಂತಿ: ನೋವು ಬರಲಿ, ಆಮೇಲೆ ನೋಡೋಣ ಎನ್ನಬೇಡಿ. ನಮ್ಮ ರಾಜ್ಯದಲ್ಲಿ 2008ರಿಂದ 108ರ ವಾಹನ ಸೇವೆ ಇದೆ ನಿಜ, ಆದರೆ ಸೇತುವೆಯ ಮೇಲೆ ನೀರು ಹರಿಯುವಾಗ ಆ ವಾಹನವೂ ಆಚೆ ದಂಡೆಯಲ್ಲೇ ನಿಲ್ಲಬೇಕಾಗುತ್ತದೆ. ಬಾಣಂತಿಯರು, ಕ್ಷಯ, ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ದಿನವೂ ಮಾತ್ರೆ ನುಂಗುವವರು ಇವರ ಹೆಸರೂ ಅದೇ ಪುಸ್ತಕದಲ್ಲಿರಲಿ.

ಹೊಳೆದಂಡೆಯ ಊರುಗಳವರು ಎತ್ತರದ ಊರುಗಳಿಗೇ ಬರಬೇಕಾಗುವುದರಿಂದ, ನಿಮ್ಮ ಶಾಲೆಯೂ ಒಂದು ದಿನ ಕಾಳಜಿ ಕೇಂದ್ರವಾದೀತು. ಅಲ್ಲಿ ಒಬ್ಬರೇ ಮೇಲ್ವಿಚಾರಕರಿರಲಿ. ಬಂದ ದಾನವೆಲ್ಲ ಅವರ ಮೂಲಕವೇ ಒಳಗೆ ಹೋಗಲಿ. ಹಾಲಿನ ಪುಡಿಯನ್ನೂ ಸೀಸೆಗಳನ್ನೂ ಎಳೆಗೂಸಿನ ತಾಯಂದಿರಿಗೆ ಹಂಚಲು ಯಾರಾದರೂ ಒಳ್ಳೆಯ ಮನಸ್ಸಿನಿಂದ ಬಂದರೆ, ಕೈಮುಗಿದು ತಡೆಯುವ ಅಧಿಕಾರ ಅವರಿಗಿರಬೇಕು. ಕೊಳೆನೀರಿನ ನಡುವೆ ಸೀಸೆಯ ಹಾಲು ಕೂಸಿಗೆ ಭೇದಿಯನ್ನು ತರುತ್ತದೆ. ದಿಗಿಲಿನಿಂದ ಎದೆಹಾಲು ಬತ್ತಿತೆಂದು ತಾಯಿ ಹೇಳಿದರೂ, ಹೊಟ್ಟೆ ತುಂಬ ಊಟ, ಸ್ವಲ್ಪ ಮರೆ, ಕೂಸನ್ನು ಮತ್ತೆ ಮತ್ತೆ ಎದೆಗೆ ಹಿಡಿಯುವುದು, ಇಷ್ಟರಿಂದಲೇ ಸಾಮಾನ್ಯವಾಗಿ ಹಾಲು ಇಳಿಯುತ್ತದೆ. ತಾಯಿಯಿಲ್ಲದ ಕೂಸಿನ ಮಾತು ಬೇರೆ. ಅದನ್ನು ವೈದ್ಯರು ನಿರ್ಧರಿಸಲಿ.

ಮೇಲ್ವಿಚಾರಕರೂ ಮನುಷ್ಯರೇ. ಎರಡು ರಾತ್ರಿ ನಿದ್ದೆಗೆಟ್ಟವರು ಸರಿಯಾದ ಅಪ್ಪಣೆ ಕೊಡಲಾರರು. ಪಾಳಿ ಬದಲಾಗುವಾಗ ಹೊಸಬರು ಬಂದು ಕೂರುವ ತನಕ ಹಳಬರು ಏಳಬಾರದು. ಎಷ್ಟು ಜನ ಇದ್ದಾರೆ, ಯಾರು ಕಾಯಿಲೆ ಬಿದ್ದಿದ್ದಾರೆ, ಯಾವ ವಾಹನ ಎಲ್ಲಿಗೆ ಹೋಗಿದೆ, ಯಾರಿಗೆ ಏನು ಹೇಳಿಕಳಿಸಿದೆ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿ ಬರವಣಿಗೆಯಲ್ಲೂ ಒಪ್ಪಿಸಬೇಕು. ಜಿಲ್ಲೆಯ ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ವರದಿ ಕೊಡುವವರೂ ಒಬ್ಬರೇ ಇರಲಿ. ಹತ್ತು ಮಂದಿ ಹತ್ತು ಲೆಕ್ಕ ಹೇಳಿದರೆ ಅಲ್ಲಿಂದ ಬರುವ ಔಷಧವೂ ಹತ್ತು ದಿಕ್ಕಿಗೆ ಹೋಗುತ್ತದೆ.

ನೀರು ಇಳಿದೊಡನೆ ಗಂಡಸರು ಮನೆ ನೋಡಲು ಓಡುತ್ತಾರೆ, ಹೆಂಗಸರೂ ಮಕ್ಕಳೂ ಹಿಂದೆ. ಮರಳುವ ಅಪ್ಪಣೆಯೂ ಆ ಒಬ್ಬರಿಂದಲೇ ಬರಬೇಕು. ಅದಕ್ಕೆ ಮೊದಲು ಬಾವಿಯ ಕೆಸರು ತೆಗೆದು ಬ್ಲೀಚಿಂಗ್ ಪುಡಿ ಹಾಕಿರಬೇಕು, ತಂತಿಗಳನ್ನು ವಿದ್ಯುತ್ ಸಿಬ್ಬಂದಿ ನೋಡಿರಬೇಕು, ಗೋಡೆ ನೆನೆದ ಮಣ್ಣಿನ ಮನೆಗಳಿಗೆ ಗುರುತು ಹಾಕಿರಬೇಕು. ಸಂದುಗೊಂದಿನಲ್ಲಿ ಸೇರಿಕೊಂಡ ಹಾವುಗಳ ವಿಚಾರದಲ್ಲಿ ಒಂದೇ ಮಾತು: ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ, ಕಚ್ಚಿಸಿಕೊಂಡವರನ್ನು ನಡೆಸದೆ, ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರವಾಗಿ ಒಯ್ಯಿರಿ. ಆ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಪಂಚಾಯತಿಯ ಗೋಡೆಯ ಹಾಳೆಯಲ್ಲಿ ಈ ವಾರವೇ ಬರೆಯಿಸಿರಿ.